ಕುಂಡಲಿನಿಯ ಜಾಗೃತಿಯೂ ಶರಣರ ಅರಿವೂ



ಕುಂಡಲಿನಿ ಜಾಗೃತವಾದವರಿಗೆ ಮಾತ್ರವೇ ಆತ್ಮಸಾಕ್ಷಾತ್ಕಾರವೆ? ಸಂಸಾರಿಗಳಾದ ನಮಗೆ ಆ ಭಾಗ್ಯವಿಲ್ಲವೆ? ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಕಡೆಯ ಕುಟುಂಬವೊಂದು ಈ ಪ್ರಶ್ನೆಯನ್ನು ನಮ್ಮ ಮುಂದಿರಿಸಿದೆ. ಅದರ ಹಿಂದೆ ಒಂದು ಸಂಕಟವೂ ಇದೆ. ಆ ಮನೆಯ ತರುಣನು ದೂರದ ಊರಿನಲ್ಲಿ ನಡೆದ ಯೋಗಶಿಬಿರವೊಂದಕ್ಕೆ ಹೋಗಿ ಬಂದಂದಿನಿಂದ ರಾತ್ರಿ ನಿದ್ರಿಸುತ್ತಿಲ್ಲ. ಬೆನ್ನಿನೊಳಗೆ ಉರಿಯೊಂದು ಏರುತ್ತಿದೆ ಎನ್ನುತ್ತಾನೆ. ತೋಟದ ಕಡೆಗೆ ಹೋಗುವುದನ್ನು ಬಿಟ್ಟಿದ್ದಾನೆ, ತಾಯಿಯೊಡನೆಯೂ ಮಾತಿಲ್ಲ. ಬಂದವರಲ್ಲಿ ಕೆಲವರು ಇವನಿಗೆ ಶಕ್ತಿ ಎದ್ದಿದೆಯೆಂದು ಕೈಮುಗಿಯುತ್ತಾರೆ, ಕೆಲವರು ಗಾಳಿ ಸೋಂಕಿದೆ ಎನ್ನುತ್ತಾರೆ. ಹೆತ್ತವರು ಯಾರ ಮಾತನ್ನು ನಂಬಬೇಕು?

ಮೊದಲು ಶಬ್ದಾರ್ಥವನ್ನು ನೋಡೋಣ. ಕುಂಡಲವೆಂದರೆ ಸುರುಳಿ, ಬಳೆ. ಬೆನ್ನುಹುರಿಯ ಬುಡದ ಮೂಲಾಧಾರದಲ್ಲಿ ಪ್ರಾಣಶಕ್ತಿಯು ಸರ್ಪದಂತೆ ಸುರುಳಿ ಸುತ್ತಿ ಮಲಗಿದೆ. ಸಾಧನೆಯಿಂದ ಎಚ್ಚೆತ್ತು ಸುಷುಮ್ನಾ ನಾಡಿಯ ಮೂಲಕ ಆರು ಚಕ್ರಗಳನ್ನು ದಾಟಿ, ನೆತ್ತಿಯ ಸಹಸ್ರಾರದಲ್ಲಿ ಶಿವನೊಡನೆ ಒಂದಾಗುತ್ತದೆ ಎಂಬುದು ಯೋಗಶಾಸ್ತ್ರದ ನಿರೂಪಣೆ. ಆರು ಚಕ್ರಗಳಿಗೆ ಕ್ರಮವಾಗಿ 4, 6, 10, 12, 16 ಮತ್ತು 2 ದಳಗಳು, ಒಟ್ಟು 50. ಇವು ಸಂಸ್ಕೃತ ವರ್ಣಮಾಲೆಯ ಐವತ್ತು ಅಕ್ಷರಗಳಿಗೆ ನೆಲೆಯೆನಿಸಿವೆ. ಇದು ಸೂಕ್ಷ್ಮ ಶರೀರದ ಭಾಷೆ. ವೈದ್ಯರ ಶಸ್ತ್ರಕ್ಕೆ ಈ ಕಮಲಗಳು ಕಾಣಸಿಗಲಾರವು. ಧ್ಯಾನಿಯ ಅಂತರಂಗದ ಪಯಣಕ್ಕೆ ಇವು ಮೈಲಿಗಲ್ಲುಗಳು.

ನಮ್ಮ ಶರಣರು ಈ ಚಕ್ರಗಳನ್ನು ನಿರಾಕರಿಸಲಿಲ್ಲ. ಅವುಗಳಿಗೆ ಹೊಸ ಅರ್ಥವನ್ನಿತ್ತರು. ಆಧಾರದಲ್ಲಿ ಆಚಾರಲಿಂಗ, ಅಲ್ಲಿ ಭಕ್ತಸ್ಥಲ. ಸ್ವಾಧಿಷ್ಠಾನದಲ್ಲಿ ಗುರುಲಿಂಗ, ಅಲ್ಲಿ ಮಹೇಶಸ್ಥಲ. ಮಣಿಪೂರಕದಲ್ಲಿ ಶಿವಲಿಂಗ, ಪ್ರಸಾದಿಸ್ಥಲ. ಅನಾಹತದಲ್ಲಿ ಜಂಗಮಲಿಂಗ, ಪ್ರಾಣಲಿಂಗಿಸ್ಥಲ. ವಿಶುದ್ಧಿಯಲ್ಲಿ ಪ್ರಸಾದಲಿಂಗ, ಶರಣಸ್ಥಲ. ಆಜ್ಞೆಯಲ್ಲಿ ಮಹಾಲಿಂಗ, ಐಕ್ಯಸ್ಥಲ. ಇಲ್ಲಿರುವ ಮರ್ಮವನ್ನು ಗಮನಿಸಬೇಕು. ಪ್ರತಿಯೊಂದು ಚಕ್ರವೂ ಒಂದೊಂದು ಸ್ಥಲದೊಡನೆ, ಎಂದರೆ ಬದುಕಿನ ಒಂದೊಂದು ನಿಲುವಿನೊಡನೆ ಕೂಡಿಕೊಂಡಿದೆ. ಮೊದಲನೆಯ ಮೆಟ್ಟಿಲಿನಲ್ಲೇ ಇರುವುದು ಆಚಾರ. ಆಚಾರವನ್ನು ಬಿಟ್ಟು ಮೇಲಕ್ಕೇರುವ ಶಕ್ತಿಯ ಮಾತು ಷಟ್‍ಸ್ಥಲದಲ್ಲಿ ಇಲ್ಲ.

ಈ ವಿಚಾರದಲ್ಲಿ ಅಲ್ಲಮಪ್ರಭುಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪ್ರಭುಗಳ ಜನ್ಮಭೂಮಿಯೆನಿಸಿದ ಬಳ್ಳಿಗಾವೆ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ. ಶೂನ್ಯಸಂಪಾದನೆಯಲ್ಲಿ ಬರುವ ಗೋರಕ್ಷನ ಪ್ರಸಂಗವನ್ನು ತಾವೆಲ್ಲರೂ ಪ್ರವಚನಗಳಲ್ಲಿ ಕೇಳಿರುತ್ತೀರಿ. ಹಠಯೋಗದಿಂದ ವಜ್ರಕಾಯವನ್ನು ಪಡೆದಿದ್ದ ಗೋರಕ್ಷನ ಮೈಗೆ ಕತ್ತಿಯಿಂದ ಹೊಡೆದರೆ ಖಣಿಲೆಂದು ಸದ್ದಾಯಿತೇ ವಿನಾ ಒಂದು ಗೀರೂ ಬೀಳಲಿಲ್ಲ. ಅದೇ ಕತ್ತಿಯನ್ನು ಗೋರಕ್ಷನು ಪ್ರಭುಗಳತ್ತ ಬೀಸಿದಾಗ ಅದು ಬಯಲಿನಲ್ಲಿ ಸುಳಿದಂತೆ ಹಾದುಹೋಯಿತು. ಒಬ್ಬರು ದೇಹವನ್ನು ಕಲ್ಲಾಗಿಸಿದ್ದರು. ಇನ್ನೊಬ್ಬರಲ್ಲಿ ತಾನೆಂಬುದೇ ಉಳಿದಿರಲಿಲ್ಲ. ಸಿದ್ಧಿಗೂ ಅರಿವಿಗೂ ಇರುವ ಅಂತರವಿಷ್ಟೆ. ಸದ್ದು ಬಂದಲ್ಲಿ ಅಹಂಕಾರವಿನ್ನೂ ಗಟ್ಟಿಯಾಗಿದೆಯೆಂದೇ ಅರ್ಥ.

ಶಕ್ತಿಯ ಏರಿಕೆ ಸುಖದ ದಾರಿಯೂ ಅಲ್ಲ. ಕಾಶ್ಮೀರದ ಗೋಪಿಕೃಷ್ಣ ಎಂಬ ಗೃಹಸ್ಥರು 1937ರಲ್ಲಿ ಧ್ಯಾನದಲ್ಲಿದ್ದಾಗ ತಮಗಾದ ಅನುಭವವನ್ನು 1967ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನಿರೂಪಿಸಿದ್ದಾರೆ. ಬೆಳಕಿನ ಪ್ರವಾಹದ ಆನಂದದ ಹಿಂದೆಯೇ ನಿದ್ರಾಹೀನತೆ, ದೇಹದ ದಾಹ, ಭೀತಿಗಳು ಅವರನ್ನು ದೀರ್ಘಕಾಲ ಕಾಡಿದವು. ಕುಂಡಲಿನಿಯನ್ನು ಬಲವಾಗಿ ನಂಬಿದ್ದವರೇ ಹೀಗೆ ಬರೆದಿರುವಾಗ, ಕೆಲವೇ ದಿನಗಳಲ್ಲಿ ಎಬ್ಬಿಸಿಕೊಡುತ್ತೇವೆಂಬ ಮಾತಿಗೆ ಮರುಳಾಗುವುದು ವಿವೇಕವಲ್ಲ.

ಕೆರೆಬಿಳಚಿಯವರಿಗೆ ದೂರದ ದೃಷ್ಟಾಂತ ಬೇಡ. ಸಮೀಪದಲ್ಲಿಯೇ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯಿದೆ. ಸುಮಾರು 6,550 ಎಕರೆ ಹರವಿನ ಆ ಜಲರಾಶಿಯನ್ನು ಏರಿಯೊಂದು ಹಿಡಿದು ನಿಲ್ಲಿಸಿದೆ. ಅದರ ನೀರು ಹೊರಡುವ ನಾಲೆಗಳೆರಡು; ಒಂದಕ್ಕೆ ಸಿದ್ಧನ ಹೆಸರು, ಇನ್ನೊಂದಕ್ಕೆ ಬಸವನ ಹೆಸರು. ಏರಿಯಿಲ್ಲದ ನೀರು ಊರನ್ನು ಕೊಚ್ಚುತ್ತದೆ. ನಾಲೆಗಿಳಿಯದ ನೀರು ಬೆಳೆಗೆ ಒದಗುವುದಿಲ್ಲ. ಸಾಧಕನ ಶಕ್ತಿಗೂ ಆಚಾರವೇ ಏರಿ, ಕಾಯಕ ದಾಸೋಹಗಳೇ ನಾಲೆ. ಒಳಗೆ ತುಂಬಿದ್ದು ನಿಜವಾದರೆ ಅದು ಮನೆಯ ಹೊಲವನ್ನು ತೋಯಿಸಿಯೇ ತೀರಬೇಕು. ಮಾತು ಮೃದುವಾಗಬೇಕು, ಸಿಟ್ಟು ತಗ್ಗಬೇಕು, ದುಡಿಮೆಯಲ್ಲಿ ಪ್ರಾಮಾಣಿಕತೆ ಹೆಚ್ಚಬೇಕು, ಪರರ ನೋವು ತನ್ನದೆನಿಸಬೇಕು. ಇವಿಲ್ಲದೆ ಬೆನ್ನಿನ ಉರಿಯನ್ನಾಗಲಿ ಕಣ್ಣಿನ ಮುಂದಿನ ಬೆಳಕನ್ನಾಗಲಿ ಜ್ಞಾನೋದಯವೆಂದು ಕರೆಯಲು ಬಾರದು.

ಆದುದರಿಂದ ಆ ಹೆತ್ತವರಲ್ಲಿ ನಮ್ಮ ವಿನಂತಿಯಿಷ್ಟು. ಮಗನನ್ನು ಪೂಜಿಸಲೂ ಬೇಡಿ, ಹಳಿಯಲೂ ಬೇಡಿ. ಉಸಿರು ಬಿಗಿಹಿಡಿಯುವ ಉಗ್ರ ಅಭ್ಯಾಸಗಳನ್ನು ಸದ್ಯಕ್ಕೆ ನಿಲ್ಲಿಸಿರಿ. ನಿದ್ರೆ, ಅನ್ನ, ಮಾತು ಮೂರೂ ತಪ್ಪಿದಾಗ ಮನೋವೈದ್ಯರನ್ನು ಕಾಣುವುದೇ ಧರ್ಮ, ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಸಲಹೆ ಉಚಿತವಾಗಿ ದೊರೆಯುತ್ತದೆ. ಚಿಕಿತ್ಸೆಯಿಂದ ನಿಜವಾದ ಸಾಧನೆಗೆ ಕುಂದಿಲ್ಲ. ಕಾಯವು ಕೆಟ್ಟರೆ ಕಾಯಕವೆಲ್ಲಿ?

ಮನಸ್ಸು ತಿಳಿಯಾದ ಮೇಲೆ, ವೈದ್ಯರ ಸಮ್ಮತಿ ಪಡೆದು, ಅನುಭವಿ ಗುರುಗಳ ಬಳಿ ಇಷ್ಟಲಿಂಗದ ಅನುಸಂಧಾನವನ್ನು ಅವನು ಕಲಿಯಲಿ. ಎಡದ ಅಂಗೈಯಲ್ಲಿ ಲಿಂಗವನ್ನಿರಿಸಿ ದೃಷ್ಟಿಯನ್ನು ಅದರಲ್ಲಿ ನೆಲೆಗೊಳಿಸಿ ಶಾಂತವಾಗಿ ಕುಳಿತುಕೊಳ್ಳುವುದು ಹೆಣ್ಣು ಗಂಡು, ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಸಲ್ಲುವ ಯೋಗ. ಇಷ್ಟಲಿಂಗದಿಂದ ಪ್ರಾಣಲಿಂಗಕ್ಕೆ, ಪ್ರಾಣಲಿಂಗದಿಂದ ಭಾವಲಿಂಗಕ್ಕೆ ಆ ನೋಟವು ತಾನಾಗಿ ಒಳಸರಿಯುತ್ತದೆ. ಅವಸರವಿಲ್ಲ, ಪ್ರದರ್ಶನವಿಲ್ಲ, ಶುಲ್ಕವೂ ಇಲ್ಲ.

ಸಂಸಾರಿಗೆ ಸಾಕ್ಷಾತ್ಕಾರವುಂಟೆ ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಕಲ್ಯಾಣದ ಶರಣರಲ್ಲಿ ಬಹುಮಂದಿ ಮನೆಮಠವುಳ್ಳವರು, ದುಡಿದು ಉಂಡವರು. ಸರ್ಪವು ಎದ್ದಿತೋ ಇಲ್ಲವೋ ಎಂದು ಬೆನ್ನನ್ನು ಕೇಳಬೇಕಾಗಿಲ್ಲ. ಒಡನೆ ಬಾಳುವವರನ್ನು ಕೇಳಿದರೆ ಸಾಕು.