ಹಿಂದೆ ಕೂತು ನುಡಿಸುವವರೂ ಬೇಕು

ವಾದ್ಯ ಕಲಿಯುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು, "ಇಸ್ ಸೆ ಕ್ಯಾ ಮಿಲ್ತಾ?" ಇದರಿಂದ ಏನು ಸಿಗುತ್ತದೆ? ಕಾಮರ್ಸ್ ಓದುವ ನನಗೆ ಈ ಪ್ರಶ್ನೆ ತಪ್ಪು ಅನಿಸುವುದಿಲ್ಲ. ಆದರೆ ಲೆಕ್ಕ ಮಾಡುವುದಾದರೆ ಪೂರ್ತಿ ಮಾಡೋಣ.

ಪಾಶ್ಚಾತ್ಯ ವಾದ್ಯವೃಂದದಲ್ಲಿ ಡಬಲ್ ಬಾಸ್ ಎಂಬ ಆಳೆತ್ತರದ ವಾದ್ಯವಿದೆ. ದಪ್ಪ ತಂತಿಗಳು, ಮಂದ್ರ ಸ್ವರ. ನೋಡುವವರ ಕಣ್ಣು ವಯಲಿನ್ ಕಡೆ ಇರುತ್ತದೆ. ಆದರೆ ಆ ಕೆಳಗಿನ ಸ್ವರ ನಿಂತುಹೋದರೆ ಇಡೀ ಸಂಗೀತ ಪಾಯವಿಲ್ಲದ ಮನೆಯಂತಾಗುತ್ತದೆ.

ನಮ್ಮಲ್ಲಿ ಹೀಗೆ ಹಿಂದೆ ಕೂತು ಕಮಾನಿನಿಂದ ನುಡಿಸುವ ವಾದ್ಯ ಸಾರಂಗಿ. ಅದರಲ್ಲಿ ಮೂರು ಮುಖ್ಯ ತಂತಿಗಳು, ಅವುಗಳ ಕೆಳಗೆ ಅನುರಣಿಸುವ ಮೂವತ್ತಕ್ಕೂ ಹೆಚ್ಚು ತಂತಿಗಳು. ತಂತಿಯನ್ನು ಬೆರಳ ತುದಿಯಿಂದಲ್ಲ, ಉಗುರಿನ ಬುಡದಿಂದ ಒತ್ತಬೇಕು. ಕಲಿಯುವವರಿಗೆ ಮೊದಲು ಸಿಗುವುದು ನೋವೇ.

ಉದಯಪುರದ ಪಂಡಿತ್ ರಾಮ್ ನಾರಾಯಣ್ ರೇಡಿಯೋದಲ್ಲಿ ಗಾಯಕರಿಗೆ ಸಾಥ್ ಕೊಡುತ್ತಿದ್ದರು. 1949ರಲ್ಲಿ ಮುಂಬೈಗೆ ಹೋದರು. ಮುಂದೆ ಸಾರಂಗಿಯನ್ನು ಒಂಟಿಯಾಗಿ ವೇದಿಕೆಗೆ ತಂದರು. ನಮ್ಮ ಧಾರವಾಡದ ಉಸ್ತಾದ್ ಫಯಾಜ್ ಖಾನ್ ಅವರ ಶಿಷ್ಯರು. ಸಾರಂಗಿ ಮನೆತನದಲ್ಲೇ ಹುಟ್ಟಿದ ಇವರು ಪಂಡಿತ್ ಬಸವರಾಜ ರಾಜಗುರು ಅವರಲ್ಲಿ ಗಾಯನವನ್ನೂ ಕಲಿತರು. ಹಾಡುವವರ ಮನಸ್ಸು ತಿಳಿಯದೆ ಸಾಥ್ ಕೊಡಲಾಗದು. ಅದಕ್ಕೂ ಹಿಂದೆ ಉಸ್ತಾದ್ ಅಬ್ದುಲ್ ಕರೀಂ ಖಾನ್ ಕುಂದಗೋಳದ ಸವಾಯಿ ಗಂಧರ್ವರಿಗೆ ಕಲಿಸಿದರು, ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಕಲಿಸಿದರು. ವಿದ್ಯೆ ಜಾತಿ ಕೇಳಲಿಲ್ಲ, ರಿಯಾಜ್ ಮಾತ್ರ ಕೇಳಿತು.

ಈಗ ಲೆಕ್ಕಕ್ಕೆ ಬರೋಣ. ಯಂತ್ರ ಕೊಂಡರೆ ವರ್ಷ ವರ್ಷ ಸವಕಳಿ ಬರೆಯುತ್ತೇವೆ. ರಿಯಾಜ್ ಮಾಡಿದ ಕೈಗೆ ವರ್ಷ ಕಳೆದಂತೆ ಬೆಲೆ ಏರುತ್ತದೆ. ಆದರೆ ಆ ವರ್ಷಗಳನ್ನು ಕೊಡಬೇಕು. ಕೇಂದ್ರ ಸರ್ಕಾರದ ಸಿಸಿಆರ್‌ಟಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವಯಸ್ಸು 10ರಿಂದ 14. ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25ರವರಿಗೆ, ಅದೂ ಐದು ವರ್ಷ ಕಲಿತಿರಬೇಕು. ಪಿಯುಸಿಯ ನಾವು ನಡುವೆ ಉಳಿದಿದ್ದೇವೆ. ಹದಿನೇಳಕ್ಕೆ ಶುರು ಮಾಡಿದವರು ಇಪ್ಪತ್ತೆರಡಕ್ಕೆ ಅರ್ಹರಾಗುತ್ತಾರೆ. ಅಂದರೆ ತಡವಾಗಿಲ್ಲ, ಆದರೆ ಇನ್ನೂ ತಡ ಮಾಡುವಂತಿಲ್ಲ.

ಸಂಗೀತ ನಮಗೆ ಸಲ್ಲದು ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ಗೌರವಿಸುತ್ತೇನೆ; ಮನೆಯವರ ಮನಸ್ಸಿಗೆ ವಿರುದ್ಧವಾಗಿ ಕಲಿಯಿರಿ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಪ್ಪಿಗೆ ಸಿಕ್ಕವರು ಜಾಗವಿಲ್ಲದೆ ನಿಲ್ಲಬಾರದು.

ಪ್ರಾಂಶುಪಾಲರಲ್ಲಿ ನನ್ನ ವಿನಂತಿ ದೊಡ್ಡದಲ್ಲ. ಶನಿವಾರ ಒಂದು ಗಂಟೆ, ಒಂದು ಕೋಣೆ, ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ. ದುಬಲಗುಂಡಿಗೆ ದೂರವಲ್ಲದ ಹುಮನಾಬಾದಿನ ಮಾಣಿಕನಗರಕ್ಕೆ ದತ್ತ ಜಯಂತಿಯ ಹೊತ್ತಿಗೆ ಸಂಗೀತಗಾರರು ಬರುತ್ತಾರೆ. ಅವರಲ್ಲಿ ಸಾಥ್ ಕೊಡುವ ಒಬ್ಬರನ್ನು ಕಾಲೇಜಿಗೆ ಕರೆಸೋಣ. ಮುಂದಿನ ವಾರ್ಷಿಕೋತ್ಸವದಲ್ಲಿ ಒಂದು ಹಾಡಿಗಾದರೂ ಮೊಬೈಲಿನ ಟ್ರ್ಯಾಕ್ ಬದಲು ನಮ್ಮದೇ ಹುಡುಗ, ಹುಡುಗಿ ಹಿಂದೆ ಕೂತು ನುಡಿಸಲಿ.