ಡಂಗುರಕ್ಕೆ ಗ್ರೂಪ್ ಅನ್ನಬ್ಯಾಡ್ರಿ

ನಾನು ಏಳನೇ ಇಯತ್ತೆ ಕಲಿತವ. ಹೊಲ ಮಾಡ್ತೀನಿ, ಭಜನಿ ಪದ ಹಾಡ್ತೀನಿ. ದೊಡ್ಡ ಮಾತು ಬರೋದಿಲ್ಲ. ಆದರ ಹೊಟ್ಟ್ಯಾಗ ಒಂದು ಸಿಟ್ಟು ಐತಿ, ಅದನ್ನ ಬರೀತೀನಿ.

ನಮ್ಮ ಕಡೆ ಈಗ ಅಡತಿಯವರು, "ಎಲ್ಲಾರೂ ವಾಟ್ಸಾಪ್ ಗ್ರೂಪಿಗೆ ಸೇರ್ರಿ, ಕೂಡಿ ವ್ಯಾಪಾರ ಮಾಡೋಣು" ಅಂತಾರೆ. ನಾನೂ ಸೇರಿದೆ. ದಿನಾ ಸಂಜೆ ಅದರಲ್ಲಿ ದರ ಬರುತ್ತದೆ. ಹೋದ ಸುಗ್ಗಿಯಲ್ಲಿ ಒಂದು ದಿನ ಹಸಿಮೆಣಸಿನಕಾಯಿಗೆ ಕಿಲೋಕ್ಕೆ 18 ರೂಪಾಯಿ ಅಂತ ಬಂತು. "ಯಾಕ್ರೀ ಇಷ್ಟು ಕಮ್ಮಿ?" ಎಂದು ಕೇಳಬೇಕೆಂದರೆ ಬರೆಯುವ ಜಾಗವೇ ಇಲ್ಲ! ಮೊಮ್ಮಗಳು ನೋಡಿ ಹೇಳಿದಳು: "ಅಜ್ಜಾ, ಇದರಾಗ ಅಡ್ಮಿನ್ ಒಬ್ಬರ ಬರೀತಾರ. ನೀ ಬರೇ ಓದಬೇಕು." ಓದಿದೆ. ತೂಗಿ ಕೊಟ್ಟೆ. ಕಾಯಿ ಹರಿದ ಆಳುಗಳ ಕೂಲಿ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿಯಲಿಲ್ಲ.

ಅದೇ ವಾರ ಗೋವಾದ ಕೊರ್ಲಿಮ್‌ಗೆ ಹೋಗಿದ್ದೆ. ಮಗ ಅಲ್ಲಿಯ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ರಸ್ತೆ ಬದಿಯಲ್ಲಿ ನಮ್ಮ ಕಡೆಯ ತಂಗಿಯೊಬ್ಬಳು ಕಾಯಿಪಲ್ಲೆ ಹಚ್ಚಿದ್ದಳು. ಮೆಣಸಿನಕಾಯಿ 60 ರೂಪಾಯಿ. "ನನಗ 45ಕ್ಕ ಬಿದ್ದೈತಿ ಯಣ್ಣಾ" ಅಂದಳು. ಗಾಡಿ ಬಾಡಿಗೆ, ಹಮಾಲಿ, ಕೊಳೆತದ್ದು, ಎಲ್ಲಾ ಒಪ್ಪುತ್ತೇನೆ. ಆದರೆ 18 ಹೋಗಿ 45 ಆಗುವಾಗ ಯಾವುದಕ್ಕೆ ಎಷ್ಟು ಹೋಯಿತೆಂದು ಯಾರಾದರೂ ಹೇಳಬೇಕಲ್ಲ? ಆಕೆಯ ಕೈಯಲ್ಲಿ ಫೋನ್, ನನ್ನ ಕೈಯಲ್ಲಿ ಫೋನ್, ನಡುವೆ ಒಂದು ಘಾಟ್ ಅಷ್ಟೇ. ಆದರೂ ಎರಡೂ ದರ ಗೊತ್ತಿದ್ದವ ನಡುವಿನವ ಒಬ್ಬನೇ.

ಕೆಲವರು ಹೇಳುತ್ತಾರೆ: "ಅಡತಿಯವ ಅಡಚಣಿಗೆ ಆಗ್ತಾನ, ಅವನ ಮ್ಯಾಲ ಬರೀಬ್ಯಾಡ." ಖರೆ, ಮಗಳ ಲಗ್ನಕ್ಕೆ ನನಗೂ ರೊಕ್ಕ ಕೊಟ್ಟಾನ. ಕೊಟ್ಟ ಸಾಲಕ್ಕೆ ಬಡ್ಡಿ ತಗೊಳ್ಳಲಿ, ನನ್ನ ಬಾಯಿ ಯಾಕೆ ತಗೊಳ್ಳಬೇಕು? ಇನ್ನು ಕೆಲವರು, "ಎಲ್ಲಾರಿಗೂ ಬರೀಲಿಕ್ಕೆ ಬಿಟ್ಟರ ಗುಡ್ ಮಾರ್ನಿಂಗ್ ಹೂವಿನ ಫೋಟೋನ ತುಂಬತಾವ" ಅಂತಾರೆ. ಅದೂ ಖರೆ. ಹೂವು ಬ್ಯಾಡ ಅಂತ ನೇಮ ಮಾಡ್ರಿ. ಹೂವಿನ ನೆವಕ್ಕೆ ನೂರು ಜನರ ಬಾಯಿ ಮುಚ್ಚಬ್ಯಾಡ್ರಿ.

ಕೂಡಿ ಮಾಡುವುದನ್ನು ನಮಗೆ ಫೋನು ಕಲಿಸಬೇಕಾಗಿಲ್ಲ. 1905ರಲ್ಲೇ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಹಕಾರಿ ಅಂದರೆ ಷೇರು ಒಂದಿರಲಿ ಹತ್ತಿರಲಿ, ಒಬ್ಬನಿಗೆ ಒಂದೇ ಮತ. ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಇ-ನಾಮ್ ಶುರು ಮಾಡಿದ್ದೂ ಬೇರೆ ಬೇರೆ ಊರಿನ ಖರೀದಿದಾರರು ಒಂದೇ ಮಾಲಿಗೆ ದರ ಕೂಗಲಿ ಎಂದು. ಈ ಗ್ರೂಪಿನಲ್ಲಿ ಮತವೂ ಇಲ್ಲ, ಲೆಕ್ಕವೂ ಇಲ್ಲ, ಕೂಗುವವ ಒಬ್ಬನೇ.

ಭಜನಿಯಲ್ಲಿ ಒಬ್ಬ ಪದ ಎತ್ತುತ್ತಾನೆ, ಉಳಿದವರು ಹಿಂದೆ ಹಾಡುತ್ತಾರೆ. ಎತ್ತಿದವ ತಪ್ಪಿದರೆ ತಾಳದವ ತಡೆಯುತ್ತಾನೆ. ಒಬ್ಬನೇ ಹೇಳಿ, ಉಳಿದವರು ಕೇಳಿ ಮನೆಗೆ ಹೋದರೆ ಅದು ಭಜನಿಯಲ್ಲ, ಡಂಗುರ.

ಅದಕ್ಕೆ ನನ್ನ ಮಾತು ಇಷ್ಟು: ಬೆಳೆದವರು, ಗಾಡಿ ಹೊಡೆಯುವವರು, ಗೋವಾದಲ್ಲಿ ಮಾರುವವರು ಕೂಡಿ ನಮ್ಮದೇ ಗ್ರೂಪ್ ಮಾಡೋಣ. ಯಾರು ಬೇಕಾದರೂ ಬರೆಯಲಿ. ಮಾಲು ಮಾರಿದ ಪಟ್ಟಿಯ ಫೋಟೋ ಎಲ್ಲರೂ ಹಾಕಲಿ, ಕಡಿತ ಎಷ್ಟೆಂದು ಕಾಣಲಿ. ಅಡ್ಮಿನ್ ವರ್ಷಕ್ಕೊಮ್ಮೆ ಬದಲಾಗಲಿ. ಅಡತಿಯವರೂ ಬರಲಿ, ಎಲ್ಲರ ಸರಿಸಮ ಕೂಡ್ರಲಿ.

ಫೋನ್ ಇಲ್ಲದವರಿಗೆ ಈ ವಾಚನಾಲಯದ ಗೋಡೆಯ ಮೇಲೆ ಕರೀಹಲಗೆ ಐತಿ. ದಿನಾ ಸಂಜೆ ಅದರ ಮೇಲೆ ಕೊರ್ಲಿಮ್ ದರ, ಬೆಳಗಾವಿ ದರ ಎರಡೂ ಬರೆಯೋಣ. ಬರೆಯುವವರು ಸಿಗದಿದ್ದರೆ ನಾನೇ ಬರೀತೀನಿ. ನನ್ನ ಅಕ್ಷರ ಸೊಟ್ಟ, ಅಂಕಿ ಮಾತ್ರ ನೆಟ್ಟಗಿರ್ತಾವ.