ಇಳಿಸಿದ್ದಕ್ಕೆ ಬಹುಮಾನ ಬೇಡ, ಉಳಿಸಿಕೊಂಡದ್ದಕ್ಕೆ ಕೊಡಿ



ಊರಿಗೆ ಹೋಗುವ ರಜೆ ಹತ್ತಿರ ಬಂತೆಂದರೆ ನಮ್ಮವರಲ್ಲಿ ಎರಡು ಕೆಲಸಗಳು ಶುರುವಾಗುತ್ತವೆ. ಒಂದು, ಪೆಟ್ಟಿಗೆ ಕಟ್ಟುವುದು. ಇನ್ನೊಂದು, ಮೈತೂಕ ಇಳಿಸುವುದು. ರಾತ್ರಿ ಊಟ ಬಂದ್, ಅನ್ನ ಬಂದ್, ಬರೀ ಸೌತೆಕಾಯಿ ಮತ್ತು ಸಕ್ಕರೆಯಿಲ್ಲದ ಸುಲೈಮಾನಿ. 40 ದಿನದಲ್ಲಿ 8 ಕಿಲೋ ಮಾಯ! ರಜೆ ಮುಗಿಸಿ ಬಂದು ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಆ 8 ಕಿಲೋ ಮರಳಿ ಬಂದಿರುತ್ತದೆ, ಬಡ್ಡಿಯ ಬಾಬ್ತು ಇನ್ನೆರಡು ಕಿಲೋ ಸೇರಿಸಿಕೊಂಡು. ಆಮೇಲೆ ಶುಕ್ರವಾರದ ಕೂಟದಲ್ಲಿ ಯಾರೋ ಒಬ್ಬರು ಎಲ್ಲರಿಗೂ ಕೇಳುವಂತೆ, "ಏನ್ರೀ, ಮತ್ತೆ ಮೊದಲಿನ ಹಾಗೇ ಆದ್ರಲ್ಲ!" ಎನ್ನುತ್ತಾರೆ. ಉಳಿದವರು ನಗುತ್ತಾರೆ. ಹಾಗೆ ಅನ್ನಿಸಿಕೊಂಡವರು ಮತ್ತೆ ಪ್ರಯತ್ನಿಸುವ ಗೋಜಿಗೇ ಹೋಗುವುದಿಲ್ಲ.

ನಮ್ಮ ತಕರಾರು ಇರುವುದು ಇಲ್ಲೇ. ಈ ಸಲದ ವಾರ್ಷಿಕೋತ್ಸವಕ್ಕೆ "40 ದಿನದಲ್ಲಿ ಯಾರು ಹೆಚ್ಚು ತೂಕ ಇಳಿಸುತ್ತಾರೆ" ಎಂಬ ಪಂದ್ಯ ಇಡಬೇಕು, ಗೆದ್ದವರಿಗೆ ವೇದಿಕೆಯಲ್ಲಿ ಶಾಲು ಹೊದಿಸಿ ಬಹುಮಾನ ಕೊಡಬೇಕು ಎಂಬ ಸಲಹೆ ಕೂಟದ ಮುಂದಿದೆ. ಸಲಹೆ ಕೊಟ್ಟವರ ಉದ್ದೇಶ ಒಳ್ಳೆಯದೇ. ಆದರೆ ಸಲಹೆ ಒಳ್ಳೆಯದಲ್ಲ. ಅದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ಏಕೆಂಬುದನ್ನು ದಯವಿಟ್ಟು ಸಮಾಧಾನದಿಂದ ಓದಿರಿ.

ಮೊದಲು ದೇಹದ ಮಾತು ಕೇಳೋಣ. ತಿನ್ನುವುದನ್ನು ಒಮ್ಮೆಲೇ ಅರ್ಧಕ್ಕಿಳಿಸಿದರೆ, ಇದು ಮದುವೆ ಮನೆಯ ಫೋಟೋಕ್ಕಾಗಿ ಎಂದು ದೇಹಕ್ಕೆ ತಿಳಿಯುವುದಿಲ್ಲ. ಬರಗಾಲ ಬಂತೆಂದೇ ಅದು ಭಾವಿಸುತ್ತದೆ. ಜಾಣ ಗೃಹಿಣಿಯಂತೆ ಖರ್ಚು ಕಡಿತ ಮಾಡುತ್ತದೆ, ಹಸಿವನ್ನು ಹೆಚ್ಚಿಸುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನ ಸಂಶೋಧಕರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದಕ್ಕೆ ಸೇರಿದ್ದ 50 ಮಂದಿಗೆ 10 ವಾರ ಅತಿ ಕಡಿಮೆ ಆಹಾರ ಕೊಟ್ಟು, ಸರಾಸರಿ 13 ಕಿಲೋಗೂ ಹೆಚ್ಚು ತೂಕ ಇಳಿಸಲಾಯಿತು. ಒಂದು ವರ್ಷ ಕಳೆದ ಮೇಲೂ ಹಸಿವು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಏರಿದ ಮಟ್ಟದಲ್ಲೇ ಇತ್ತು. ಹಸಿವಿಗೆ ಕಡಿವಾಣ ಹಾಕುವ ಲೆಪ್ಟಿನ್ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅಂದರೆ ಪಥ್ಯ ಮುಗಿದರೂ ದೇಹ ಆ 'ಬರಗಾಲ'ವನ್ನು ಮರೆತಿರುವುದಿಲ್ಲ. ತೂಕ ಮರಳಿ ಬಂದವರನ್ನು "ನಾಲಿಗೆ ಚಪಲ" ಎಂದು ಹಂಗಿಸುವವರು ಇದನ್ನು ಗಮನಿಸಬೇಕು.

ಇನ್ನು ಪಂದ್ಯದ ವಿಷಯ. ಅಮೆರಿಕದ ಟೀವಿಯಲ್ಲಿ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ತೂಕ ಇಳಿಸುವ ಪಂದ್ಯ ಬಹಳ ಜನಪ್ರಿಯವಾಗಿತ್ತು. ಅದರ 14 ಸ್ಪರ್ಧಿಗಳನ್ನು 6 ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂತು. ಪಂದ್ಯದಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರು ಅದರಲ್ಲಿ ಸರಾಸರಿ 41 ಕಿಲೋ ಮರಳಿ ಪಡೆದಿದ್ದರು. ಅದಕ್ಕಿಂತ ಗಂಭೀರ ಸಂಗತಿಯೆಂದರೆ, ಸುಮ್ಮನೆ ಕುಳಿತಾಗ ಅವರ ದೇಹ ಉರಿಸುತ್ತಿದ್ದ ಶಕ್ತಿ, ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯಿತ್ತು. ಒಂದು ಹೊತ್ತಿನ ಊಟದ ಲೆಕ್ಕ ಇದು! ತರಬೇತುದಾರರು, ವೈದ್ಯರು, ಕ್ಯಾಮೆರಾ ಎಲ್ಲ ಇದ್ದ ಪಂದ್ಯದ ಗತಿ ಹೀಗಾದರೆ, ಹತ್ತು ಗಂಟೆ ಡ್ಯೂಟಿ ಮುಗಿಸಿ ಬರುವ ನಮ್ಮವರ ಪಂದ್ಯದ ಗತಿ ಏನು?

"ಪಂದ್ಯ ಅಂದರೆ ಜನಕ್ಕೆ ಹುರುಪು ಬರುತ್ತದೆ" ಎಂಬುದು ಪರಪಕ್ಷದ ವಾದ. ಬರುತ್ತದೆ ನಿಜ, 40 ದಿನದ ಮಟ್ಟಿಗೆ. 41ನೆಯ ದಿನ ಏನು ಮಾಡಬೇಕೆಂದು ಪಂದ್ಯ ಹೇಳಿಕೊಡುವುದಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬಹುಮಾನದ ಆಸೆಗೆ ಊಟ ಬಿಟ್ಟರೆ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಕುತ್ತು. ಇದರ ಹೊಣೆ ಹೊರುವವರು ಯಾರು? "ಈಗ ಇಂಜೆಕ್ಷನ್ ಬಂದಿದೆಯಲ್ಲ" ಎನ್ನುವವರೂ ಇದ್ದಾರೆ. ವೈದ್ಯರು ನೋಡಿ ಬರೆದುಕೊಟ್ಟರೆ ಅದು ಒಳ್ಳೆಯ ಔಷಧವೇ ಸರಿ. ಆದರೆ ಸೆಮಾಗ್ಲುಟೈಡ್ ಚುಚ್ಚುಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ಮರಳಿ ಬಂದಿತೆಂದು 2022ರ ವರದಿ ಹೇಳುತ್ತದೆ. ರಜೆಗೆ ಮುಂಚೆ ಎರಡು ತಿಂಗಳು ಚುಚ್ಚಿಸಿಕೊಂಡು ಬಿಡುವ ವಸ್ತು ಅದಲ್ಲ. ಇನ್ನು ಪರಿಚಯದವರ ಮೂಲಕ ಮಾರಾಟವಾಗುವ ಪುಡಿ, ಚಹಾ, ಕಷಾಯಗಳ ಬಗ್ಗೆ ಬರೆದು ಈ ಹಾಳೆಯನ್ನು ವ್ಯರ್ಥ ಮಾಡುವುದಿಲ್ಲ.

"ದುಡಿಯಲು ಬಂದವರಿಗೆ ಈ ಶೋಕಿ ಏಕೆ?" ಎಂದು ಕೇಳುವ ಹಿರಿಯರಿಗೂ ಒಂದು ಮಾತು. ಇದು ಶೋಕಿಯಲ್ಲ. ಇಲ್ಲಿ ನಮ್ಮ ಬಂಡವಾಳ ಎಂದರೆ ನಮ್ಮ ದೇಹ. ಮಂಗಳೂರಿನ ಮನೆ ಸಾಲ, ಭಟ್ಕಳದ ತಂಗಿಯ ಮದುವೆ, ಕಲಬುರಗಿಯ ಮಗನ ಕಾಲೇಜು ಫೀಸು, ಎಲ್ಲವೂ ನಿಂತಿರುವುದು ಅದರ ಮೇಲೆ. ಮೈ ಕೈಕೊಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಇಕಾಮ ಹೋಗುತ್ತದೆ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸುಮಾರು 53ನೆಯ ವಯಸ್ಸಿಗೆ, ಬೇರೆ ದೇಶದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ ಎಂದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ನಮ್ಮ ಮೈಯ ಲೆಕ್ಕವೂ ಬೇರೆ. ಎತ್ತರ-ತೂಕದ ಸೂಚ್ಯಂಕ ಬೇರೆಯವರಿಗೆ 25 ದಾಟಿದರೆ ಹೆಚ್ಚು, ಭಾರತೀಯರಿಗೆ 23 ದಾಟಿದರೇ ಹೆಚ್ಚು. 170 ಸೆಂಟಿಮೀಟರ್ ಎತ್ತರದವರಿಗೆ ಆ ಗಡಿ ಸುಮಾರು 66 ಕಿಲೋ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ಟೈಲರನ ಟೇಪು ಸಾಕು, ಅಳತೆ ತೆಗೆದು ನೋಡಿ.

ಹಾಗಾದರೆ ಒಮ್ಮೆ ಇಳಿಸಿ, ಮತ್ತೆ ಏರಿಸಿಕೊಂಡವರು ಕೈಚೆಲ್ಲಿ ಕೂರಬೇಕೆ? ಖಂಡಿತ ಇಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಪುಸ್ತಕ ಇಡಲಾಗಿದೆ. ಕನಿಷ್ಠ 13.6 ಕಿಲೋ ಇಳಿಸಿ, ಅದನ್ನು ಒಂದು ವರ್ಷವಾದರೂ ಉಳಿಸಿಕೊಂಡವರಿಗೆ ಮಾತ್ರ ಅದರಲ್ಲಿ ಜಾಗ. ಅವರಲ್ಲಿ ಬಹುಪಾಲು ಜನ ಹಿಂದೆಯೂ ಇಳಿಸಲು ಯತ್ನಿಸಿದ್ದವರೇ! ಮೊದಲ ಪ್ರಯತ್ನದಲ್ಲೇ ಗೆದ್ದವರು ಕಡಿಮೆ. ಅವರಲ್ಲಿ ಹೆಚ್ಚಿನವರು ಬೆಳಗಿನ ತಿಂಡಿ ಬಿಡುವುದಿಲ್ಲ, ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆಯಂಥ ಶ್ರಮ ಮಾಡುತ್ತಾರೆ. ಎರಡರಿಂದ ಐದು ವರ್ಷ ಉಳಿಸಿಕೊಂಡವರಿಗೆ ಮುಂದೆಯೂ ಉಳಿಸಿಕೊಳ್ಳುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ, ರೂಢಿ ಇದೆ.

ನಮ್ಮ ನೆರೆಯ ಚೆನ್ನೈನ ಉದಾಹರಣೆ ಇನ್ನೂ ಹಿತವಾದದ್ದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆದ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡವರಲ್ಲಿ ಕಾಯಿಲೆ ಬರುವುದು ಸುಮಾರು ಶೇ. 28ರಷ್ಟು ಕಡಿಮೆಯಾಯಿತು. ವಿಶೇಷವೆಂದರೆ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಒಳಗೆ ಲಾಭವಾಗುತ್ತದೆ. ಮತ್ತೆ ಶುರುಮಾಡುವವರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಈ ಮರುಪ್ರಾರಂಭ ಹೇಗಿರಬೇಕು? ಗುರಿ ಸಣ್ಣದಿರಲಿ. 85 ಕಿಲೋ ಇರುವವರು ಆರು ತಿಂಗಳಲ್ಲಿ 4-5 ಕಿಲೋ ಇಳಿಸಿದರೆ ಸಾಕು. ಅನ್ನ ಬಿಡುವ ಶಪಥ ಬೇಡ. ಊರಲ್ಲಿ ಅನ್ನ ಉಂಡವರು ಇಲ್ಲೂ ಉಣ್ಣುತ್ತಾರೆ, ಇಂದಲ್ಲದಿದ್ದರೆ ನಾಳೆ. ಆದರೆ ತಟ್ಟೆಯ ಅರ್ಧ ಅನ್ನ ಇದ್ದದ್ದು ಕಾಲಾಗಲಿ, ಕಾಲು ಇದ್ದ ಪಲ್ಯ ಅರ್ಧವಾಗಲಿ. ಹೆಸರುಕಾಳು, ಮೊಟ್ಟೆ, ಮೀನು ಬಿಡಬೇಡಿ. ಅವು ಇಲ್ಲದೆ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ರೂಮಿನಲ್ಲಿ ಸರದಿಯಂತೆ ಅಡುಗೆ ಮಾಡುವ ಬ್ಯಾಚುಲರ್ ಗೆಳೆಯರು ಒಬ್ಬರೇ ಪಥ್ಯ ಮಾಡಲಾರರು, ಎಲ್ಲರೂ ಕೂಡಿ ಸಾರಿನ ಎಣ್ಣೆಯನ್ನೂ ರಾತ್ರಿ ಊಟದ ಹೊತ್ತನ್ನೂ ತಗ್ಗಿಸಬೇಕು. ಖುಬ್ಬೂಸಿನ ಪಕ್ಕ ಕೋಲಾ ಡಬ್ಬಿಯ ಬದಲು ಸಪ್ಪೆ ಲಬನ್ ಇರಲಿ. 330 ಮಿಲಿಲೀಟರಿನ ಮಾಮೂಲಿ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಈ ದೇಶದ ಸರ್ಕಾರ 2017ರಲ್ಲಿ ಇಂಥ ಪಾನೀಯದ ಮೇಲೆ ಶೇ. 50ರಷ್ಟು ತೆರಿಗೆ ಹಾಕಿತು, 2019ರಲ್ಲಿ ಹೋಟೆಲಿನ ಪಟ್ಟಿಯಲ್ಲಿ ಕ್ಯಾಲೊರಿ ಬರೆಯುವುದನ್ನು ಕಡ್ಡಾಯ ಮಾಡಿತು. ಬರೆದಿರುವುದನ್ನು ಓದುವ ಕೆಲಸವಾದರೂ ನಮ್ಮದಾಗಲಿ.

ನಡಿಗೆಗೆ ಬಿಸಿಲಿನ ನೆಪ ಬೇಡ. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮುಂಚೆ ಅಥವಾ ಇಶಾ ನಮಾಜಿನ ನಂತರ ನಡೆಯಬಹುದು. ಜಿದ್ದಾ, ದಮ್ಮಾಮಿನವರಿಗೆ ಕಾರ್ನಿಶ್ ಇದೆ, ರಿಯಾದಿನವರಿಗೆ ವಾದಿ ಹನೀಫಾ ಇದೆ, ಎಲ್ಲ ಊರಿನವರಿಗೂ ಮಾಲುಗಳ ತಂಪು ಇದೆ. ನಮ್ಮ ಅಕ್ಕತಂಗಿಯರಿಗೆ ಮೊದಲಿದ್ದ ತೊಡಕೂ ಕಡಿಮೆಯಾಗಿದೆ, 2017ರಿಂದ ಮಹಿಳೆಯರ ಜಿಮ್‌ಗಳಿಗೆ ಪರವಾನಗಿ ಸಿಗುತ್ತಿದೆ. ಇನ್ನು ಊರಿನ ರಜೆ. ಅಮ್ಮ ಮಾಡಿದ ಕೋರಿ ರೊಟ್ಟಿ, ಹೋಳಿಗೆ ಬೇಡವೆನ್ನುವ ಪಾಪ ಯಾರೂ ಮಾಡಬಾರದು. ಆ ತಿಂಗಳು ಇಳಿಸುವ ಮಾತೇ ಬೇಡ, ಹೋದಷ್ಟೇ ತೂಕದಲ್ಲಿ ತಿರುಗಿ ಬಂದರೆ ಅದೇ ಗೆಲುವು. ಎರಡು ಕಿಲೋ ಏರಿತೋ, ಬಂದ ವಾರವೇ ಮತ್ತೆ ಶುರು. ಹತ್ತು ಕಿಲೋ ಆಗಲೆಂದು ಕಾಯಬೇಡಿ.

ಕೊನೆಯದಾಗಿ ಕೂಟದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆಗಳು. ಇಳಿಸುವ ಪಂದ್ಯವನ್ನು ಕೈಬಿಡಿ. ಬಹುಮಾನ ಕೊಡಲೇಬೇಕೆಂದರೆ, ವರ್ಷವಿಡೀ ವಾರಕ್ಕೆ ಐದು ದಿನ ನಡೆದವರಿಗೆ, ಇಳಿಸಿದ ನಾಲ್ಕು ಕಿಲೋವನ್ನು ಮುಂದಿನ ವಾರ್ಷಿಕೋತ್ಸವದವರೆಗೆ ಉಳಿಸಿಕೊಂಡವರಿಗೆ ಕೊಡಿ. ತಿಂಗಳಿಗೊಮ್ಮೆ ಶುಕ್ರವಾರ ಬೆಳಿಗ್ಗೆ ಎಲ್ಲರೂ ಕೂಡಿ ನಡೆಯುವ ಏರ್ಪಾಡು ಮಾಡಿ, ನಮ್ಮಲ್ಲಿರುವ ಡಾಕ್ಟರು, ನರ್ಸುಗಳಿಂದ ಅಲ್ಲೇ ಬಿ.ಪಿ., ಸಕ್ಕರೆ ನೋಡಿಸಿ. ರಾಜ್ಯೋತ್ಸವದ ಊಟದಲ್ಲಿ ಮೂರು ಸಿಹಿಯ ಬದಲು ಒಂದೇ ಇರಲಿ, ಕೋಸಂಬರಿಯ ಪಾತ್ರೆ ದೊಡ್ಡದಾಗಲಿ. ತೂಕ ಯಾರದೆಷ್ಟೆಂದು ಸಭೆಯಲ್ಲಿ ಕೂಗುವ ಪದ್ಧತಿ ಮಾತ್ರ ಬೇಡವೇ ಬೇಡ.

ಮುಂದಿನ ಶುಕ್ರವಾರ ಮತ್ತೆ ದಪ್ಪಗಾದ ಗೆಳೆಯರೊಬ್ಬರು ಎದುರಾದರೆ "ಮತ್ತೆ ಊದಿಕೊಂಡಿರಲ್ಲ" ಎನ್ನಬೇಡಿ. "ನಾಳೆ ಬೆಳಿಗ್ಗೆ ನಡೆಯಲು ಬರ್ತೀರಾ?" ಎಂದು ಕೇಳಿ.